ಎಂಸಿಎನಾ, ಎಂಎಸ್‌ಸಿನಾ? ನಾನು ಕೋರ್ಸ್ ಹುಡುಕಿದ ಬಗೆ

ಬಿಸಿಎ ಮುಗಿಸಿ ಊರಲ್ಲಿರುವ ಹುಡುಗಿಗೆ ಸಲಹೆಗಳಿಗಂತೂ ಬರವಿಲ್ಲ. ಬೀಗರೂಟದ ಪಂಕ್ತಿಯಲ್ಲಿ ಪಕ್ಕ ಕೂತವರೂ 'ಮುಂದ್ಕೆ ಏನ್ ಓದ್ಬೇಕು ಅಂತಿದ್ದೀಯವ್ವ?' ಅಂತ ಕೇಳಿ, ಉತ್ತರಕ್ಕೆ ಕಾಯದೆ ತಾವೇ ಹೇಳಿಬಿಡುತ್ತಾರೆ. ದೊಡ್ಡಪ್ಪನಿಗೆ ಎಂಬಿಎ ಬಿಟ್ಟರೆ ಬೇರೆ ಓದು ಓದೇ ಅಲ್ಲ. ಅತ್ತೆ ಮಗ ಅಮೆರಿಕ ಅಂದ. ನನ್ನ ಜೊತೆ ಓದಿದ ಹುಡುಗಿಯರಲ್ಲಿ ಸುಮಾರು ಜನ ಬೆಂಗಳೂರಿನ ಪಿಜಿಗಳಲ್ಲಿದ್ದುಕೊಂಡು ಜಾವಾ ಕೋರ್ಸಿಗೆ ಸೇರಿದ್ದರು. ನನಗೆ ಕಂಪ್ಯೂಟರಿನಲ್ಲೇ ಸ್ನಾತಕೋತ್ತರ ಪದವಿ ಮಾಡಬೇಕು ಅನ್ನುವುದಷ್ಟೇ ಖಚಿತವಿತ್ತು. ಯಾವ ಕೋರ್ಸು, ಯಾವ ಕಾಲೇಜು ಅನ್ನುವುದನ್ನು 2024ರಲ್ಲಿ ಮಂಡ್ಯ, ಮೈಸೂರು ಓಡಾಡಿಕೊಂಡು ತಿಳಿದುಕೊಂಡೆ. ಈಗ ನಮ್ಮ ಕಾಲೇಜಿನ ಜೂನಿಯರ್‌ಗಳು ಅದನ್ನೇ ಕೇಳುತ್ತಿರುವುದರಿಂದ ಒಂದು ಕಡೆ ಬರೆದಿಡುತ್ತಿದ್ದೇನೆ.

ಪದವಿಯಾದ ಮೇಲೆ ಸುಮಾರು ಒಂದು ವರ್ಷ ನಮ್ಮೂರ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಊರು ಮದ್ದೂರು ಕಡೆ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಸಾಲು. ಹಾಲು ತೂಕಕ್ಕೆ, ಸ್ಯಾಂಪಲ್ ಫ್ಯಾಟ್ ಮಿಷನ್ನಿಗೆ, ಉತ್ಪಾದಕರ ಕೋಡ್ ನಂಬರ್ ಒತ್ತಿದರೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ ಎಲ್ಲ ಬರೆದ ಚೀಟಿ ಹೊರಗೆ. ನೋಡುವುದಕ್ಕೆ ಇಷ್ಟೇ. ಆದರೆ ಹಾಲಿನ ಬಟವಾಡೆ ಒಂದು ದಾರಿಯಲ್ಲಿ ಬರುತ್ತದೆ, ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಇನ್ನೊಂದು ದಾರಿಯಲ್ಲಿ, ನೇರ ರೈತರ ಬ್ಯಾಂಕ್ ಖಾತೆಗೆ. ಒಬ್ಬರು ಅಜ್ಜಿ ವಾರಕ್ಕೊಮ್ಮೆ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. 'ಹಾಲ್ ದುಡ್ಡು ಬತ್ತದೆ ಕಣವ್ವ, ಗೌರ್ಮೆಂಟ್ ದುಡ್ಡು ಮಾತ್ರ ಬರಕ್ಕಿಲ್ಲ.' ಹುಡುಕಿ ನೋಡಿದರೆ ಡೇರಿ ಪಟ್ಟಿಯಲ್ಲಿ ಅವರದು ಚಿಕ್ಕತಾಯಮ್ಮ, ಆಧಾರಿನಲ್ಲಿ ಚಿಕ್ಕತಾಯಿ, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರೂ ಸೇರಿ ಇನ್ನೊಂದು ಥರ. ಮೂರೂ ಕಡೆ ಇರುವುದು ಒಬ್ಬರೇ ಅನ್ನುವುದು ಊರಿಗೆಲ್ಲ ಗೊತ್ತು, ಸಿಸ್ಟಮ್ಮಿಗೆ ಗೊತ್ತಿಲ್ಲ.

ಅದನ್ನು ಸರಿಮಾಡಿಸುವ ಹೊತ್ತಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬಿಸಿಎಯಲ್ಲಿ ಮೈಕ್ರೋಪ್ರೊಸೆಸರ್ ಪಾಠದಲ್ಲಿ ತೂಕಡಿಸುತ್ತಿದ್ದ ನಾನು ಡಿಬಿಎಂಎಸ್ (ಡೇಟಾಬೇಸ್) ಲ್ಯಾಬಿಗೆ ಮಾತ್ರ ಓಡಿ ಹೋಗುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯಿತು. ಮಾಹಿತಿ ಎಲ್ಲಿ ಹುಟ್ಟುತ್ತದೆ, ಯಾರ ಕೈ ದಾಟುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ನನಗೆ ಹಿಡಿಸಿದ ವಿಷಯ. ಕಂಪೈಲರ್ ಬರೆಯುವುದಾಗಲಿ ಚಿಪ್ ವಿನ್ಯಾಸವಾಗಲಿ ಅಲ್ಲ. ಹೊರದೇಶದಲ್ಲಿ ಇದಕ್ಕೆ ಇನ್ಫರ್ಮೇಷನ್ ಸಿಸ್ಟಮ್ಸ್ ಅನ್ನುವ ಹೆಸರಿನಲ್ಲೇ ಪದವಿ ಇದೆ. ನಮ್ಮ ಸುತ್ತಮುತ್ತ ಆ ಹೆಸರಿನ ಬೋರ್ಡು ನನ್ನ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಇರುವ ಕೋರ್ಸುಗಳ ಒಳಗೇ ಅದು ಎಲ್ಲಿದೆ ಅಂತ ಹುಡುಕಬೇಕಾಯಿತು.

ಮೊದಲು ಹೊರಗಿಟ್ಟವುಗಳನ್ನು ಹೇಳಿಬಿಡುತ್ತೇನೆ. ಎಂಟೆಕ್‌ಗೆ ಬಿಇ ಇಲ್ಲವೇ ಎಂಸಿಎ (ಕಂಪ್ಯೂಟರ್ ಅಪ್ಲಿಕೇಷನ್ಸ್ ಸ್ನಾತಕೋತ್ತರ ಪದವಿ) ಥರದ ಓದು ಆಗಿರಬೇಕು, ಆಗಲೇ ಸಾಧ್ಯವಿರಲಿಲ್ಲ. ಬಿಸಿಎ ಮಾಡಿದವರನ್ನು ಕೆಲಸಕ್ಕೆ ತೆಗೆದುಕೊಂಡು ಕಂಪನಿಯೇ ಎಂಟೆಕ್ ಓದಿಸುವ ವಿಪ್ರೊದ ಯೋಜನೆ ಒಂದಿದೆ, ಗೆಳತಿಯೊಬ್ಬಳು ಅದಕ್ಕೆ ಸೇರಿದಳು. ವರ್ಷಗಟ್ಟಲೆ ಒಂದೇ ಕಡೆ ಇರುವ ಒಪ್ಪಂದ ನನಗೆ ಬೇಡ ಅನಿಸಿತು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಂಸಿಎ ಇದೆ, ಅದಕ್ಕೆ ಎನ್‌ಐಟಿಗಳ ಎಂಸಿಎ ಪ್ರವೇಶ ಪರೀಕ್ಷೆ ನಿಮ್ಸೆಟ್ ಬರೆಯಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಗಣಿತಕ್ಕೇ, ತಪ್ಪು ಉತ್ತರಕ್ಕೆ ಅಂಕ ಕಡಿತ ಬೇರೆ. ಡೇರಿ ಕೆಲಸದ ನಡುವೆ ಅಷ್ಟು ಗಣಿತ ನನ್ನಿಂದಾಗದು ಅಂತ ಕೈಬಿಟ್ಟೆ.

ಅಮೆರಿಕದ ವಿಚಾರ ಬಂದದ್ದು ಅತ್ತೆ ಮಗನಿಂದ. ಅವನು ಬಿಇ ಮಾಡಿ ಅಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸಿನಲ್ಲಿ ಎಂಎಸ್ ಮಾಡಿದವನು. ಅವನ ಮಾತಿನಿಂದ ಎರಡು ಉಪಯೋಗದ ಸಂಗತಿ ಸಿಕ್ಕವು. ಒಂದು, ಅಲ್ಲಿ ಕಂಪ್ಯೂಟರ್ ಸೈನ್ಸ್ ಸಾಮಾನ್ಯವಾಗಿ ಇಂಜಿನಿಯರಿಂಗ್ ವಿಭಾಗದ್ದು, ಇನ್ಫರ್ಮೇಷನ್ ಸಿಸ್ಟಮ್ಸ್ ಬಹಳ ಕಡೆ ಬಿಸಿನೆಸ್ ಸ್ಕೂಲಿನ ಕೈಕೆಳಗೆ. ಡೇಟಾಬೇಸ್ ಜೊತೆ ಅಕೌಂಟ್ಸು, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟೂ ಓದಬೇಕು. ಎರಡು, ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಹದಿನಾರು ವರ್ಷದ ಓದು ಕೇಳುತ್ತವೆ. ಪಿಯುಸಿವರೆಗೆ ಹನ್ನೆರಡು, ಬಿಸಿಎ ಮೂರು, ಲೆಕ್ಕ ಹದಿನೈದಕ್ಕೇ ನಿಲ್ಲುತ್ತದೆ. ಮೂರು ವರ್ಷದ ಪದವಿಯವರು ಅರ್ಜಿ ಹಾಕುವ ಮೊದಲೇ ಆಯಾ ವಿಶ್ವವಿದ್ಯಾಲಯದ ನಿಯಮ ನೋಡಿಕೊಳ್ಳಬೇಕು. 'ಮೊದ್ಲು ಇಲ್ಲೇ ಎಂಸಿಎ ಮಾಡು, ಆಮೇಲ್ ನೋಡುವಂತೆ' ಅಂದ. ಸಾಲದ ಮೊತ್ತ ಕೇಳಿ ಅಪ್ಪ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಉಳಿದದ್ದು ಎಂಸಿಎ ಮತ್ತು ಎಂಎಸ್‌ಸಿ ಕಂಪ್ಯೂಟರ್ ಸೈನ್ಸ್. ಎಂಸಿಎ ಮೊದಲು ಮೂರು ವರ್ಷದ್ದಿತ್ತು, ಬಿಸಿಎಯವರು ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರುತ್ತಿದ್ದರು. 2020-21ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಅದನ್ನು ಎರಡು ವರ್ಷಕ್ಕೆ ಇಳಿಸಿತು. ಹಾಗಾಗಿ ಕಾಲದ ಲೆಕ್ಕದಲ್ಲಿ ಎರಡೂ ಒಂದೇ. ಲೆಕ್ಚರರ್ ಆಗುವ ಆಸೆ ಇದ್ದವರು ಎಂಎಸ್‌ಸಿಯನ್ನೇ ಮಾಡಬೇಕು ಅಂತ ನಮ್ಮ ಕಡೆ ಒಂದು ಮಾತು ಓಡಾಡುತ್ತದೆ. ಅದು ಪೂರ್ತಿ ನಿಜವಲ್ಲ. ಲೆಕ್ಚರರ್ ಅರ್ಹತೆಗೆ ದೇಶದ ಮಟ್ಟದಲ್ಲಿ ನಡೆಯುವ ನೆಟ್ ಪರೀಕ್ಷೆಯಲ್ಲಿ ಇರುವ ವಿಷಯವೇ ಕಂಪ್ಯೂಟರ್ ಸೈನ್ಸ್ ಅಂಡ್ ಅಪ್ಲಿಕೇಷನ್ಸ್, ಎಂಸಿಎಯವರೂ ಬರೆಯಬಹುದು. ಹಿಂದೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ, ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆಸೆಟ್ ಕೂಡ ಹಾಗೆಯೇ.

ವ್ಯತ್ಯಾಸ ಇರುವುದು ಒಳಗೆ. ಮಂಡ್ಯದ ನೂರಡಿ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದಷ್ಟು ಕಾಲೇಜುಗಳ ಸಿಲಬಸ್ ಪ್ರಿಂಟ್ ತೆಗೆಸಿದೆ. ಅಂಗಡಿಯಣ್ಣ ಕಟ್ಟು ನೋಡಿ 'ಇಷ್ಟೊಂದು ಯಾವ ಎಕ್ಸಾಮಿಗಮ್ಮ?' ಅಂದರು. ಮನೆಗೆ ತಂದು ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಸೆಮಿಸ್ಟರ್ ಪ್ರಕಾರ ಬರೆದುಕೊಂಡೆ. ಎಂಎಸ್‌ಸಿ ಕಡೆ ಆಲ್ಗರಿದಮ್, ಥಿಯರಿ ಆಫ್ ಕಂಪ್ಯುಟೇಷನ್, ಇಮೇಜ್ ಪ್ರೊಸೆಸಿಂಗ್ ಥರದವು ತೂಕ. ಎಂಸಿಎ ಕಡೆ ಡೇಟಾಬೇಸ್, ಸಾಫ್ಟ್‌ವೇರ್ ಇಂಜಿನಿಯರಿಂಗ್, ವೆಬ್, ಮೊಬೈಲ್ ಆ್ಯಪ್, ಕೊನೆಗೆ ದೊಡ್ಡ ಪ್ರಾಜೆಕ್ಟ್. ಇದು ಎಲ್ಲರೂ ಹೇಳುವ ಮಾತೇ. ನನಗೆ ಹೆಚ್ಚು ಉಪಯೋಗವಾದದ್ದು ಪ್ರತಿ ವಿಷಯದ ಕೆಳಗೆ ಸಣ್ಣಕ್ಷರದಲ್ಲಿ ಇರುವ ಯೂನಿಟ್‌ಗಳನ್ನು ಓದಿದ್ದು. ಎರಡು ಕಡೆ ಸಾಫ್ಟ್‌ವೇರ್ ಇಂಜಿನಿಯರಿಂಗ್ ಅನ್ನುವ ಒಂದೇ ಹೆಸರು. ಒಂದರಲ್ಲಿ ಬಳಕೆದಾರರಿಂದ ಅಗತ್ಯಗಳನ್ನು ಕೇಳಿ ಬರೆದುಕೊಳ್ಳುವುದಕ್ಕೆ ಒಂದು ಪೂರ್ತಿ ಯೂನಿಟ್ಟು, ಜೊತೆಗೆ ಲ್ಯಾಬು. ಇನ್ನೊಂದರಲ್ಲಿ ಅದು ಒಂದು ಸಾಲು. ಎಲೆಕ್ಟಿವ್‌ಗಳ (ನಾವೇ ಆರಿಸಿಕೊಳ್ಳುವ ವಿಷಯಗಳ) ಪಟ್ಟಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಪಟ್ಟಿಯಲ್ಲಿ ಇಆರ್‌ಪಿಯಿಂದ ಬ್ಲಾಕ್‌ಚೈನ್‌ವರೆಗೆ ಎಲ್ಲ ಇರುತ್ತದೆ, ಆ ವರ್ಷ ಪಾಠ ಮಾಡುವವರು ಇರುವುದು ಅದರಲ್ಲಿ ಒಂದೆರಡಕ್ಕೆ. ಹೋದ ವರ್ಷ ನಿಜವಾಗಿ ಯಾವುದು ನಡೆಯಿತು ಅಂತ ವಿದ್ಯಾರ್ಥಿಗಳನ್ನು ಕೇಳಿದರೆ ಗೊತ್ತಾಗುತ್ತದೆ.

ಹಾಗೆ ಕೇಳಲು ಮೈಸೂರಿಗೆ ಹೋಗಲೇಬೇಕಿತ್ತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹೋದಾಗ ಕ್ಯಾಂಟೀನಿನಲ್ಲಿ ಸಿಕ್ಕ ಎಂಎಸ್‌ಸಿ ಹುಡುಗಿಯರು ಕೂರಿಸಿಕೊಂಡು ಸಮಾಧಾನವಾಗಿ ಮಾತಾಡಿದರು. ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿಭಾಗ ಇಮೇಜ್ ಪ್ರೊಸೆಸಿಂಗ್, ಪ್ಯಾಟರ್ನ್ ರೆಕಗ್ನಿಷನ್ ಸಂಶೋಧನೆಗೆ ಹೆಸರಾದದ್ದು. ಪಿಎಚ್‌ಡಿ ಮನಸ್ಸಿನಲ್ಲಿದ್ದರೆ ಅಲ್ಲಿಗಿಂತ ಒಳ್ಳೆ ಜಾಗ ಹತ್ತಿರದಲ್ಲಿ ಇಲ್ಲ ಅಂತ ಈಗಲೂ ಅಂದುಕೊಂಡಿದ್ದೇನೆ. ಎಂಎಸ್‌ಸಿಗೆ ಪಿಜಿಸಿಇಟಿ (ಎಂಸಿಎ ಸೀಟಿಗೆ ಬರೆಯಬೇಕಾದ ರಾಜ್ಯದ ಪ್ರವೇಶ ಪರೀಕ್ಷೆ) ಬೇಕಿಲ್ಲ, ವಿಶ್ವವಿದ್ಯಾಲಯಕ್ಕೇ ನೇರ ಅರ್ಜಿ. 'ನಿಂಗೆ ಪೇಪರ್ ಓದೋಕೆ ಇಷ್ಟನಾ, ಸಿಸ್ಟಮ್ ಕಟ್ಟೋಕೆ ಇಷ್ಟನಾ?' ಅಂತ ಅವರಲ್ಲೊಬ್ಬಳು ಕೇಳಿದಳು. ನಾನು ಡೇರಿ ಕಥೆ ಹೇಳಿದೆ. 'ಹಂಗಾದ್ರೆ ಎಂಸಿಎ ನೋಡೇ' ಅಂದಳು, ಎರಡನೇ ಯೋಚನೆ ಮಾಡದೆ.

ಎಂಸಿಎ ಮೈಸೂರಿನಲ್ಲಿ ಎನ್‌ಐಇಯಲ್ಲಿದೆ, ಎಸ್‌ಜೆಸಿಇಯಲ್ಲಿದೆ, ವಿಟಿಯುವಿನ ಮೈಸೂರು ಕೇಂದ್ರದಲ್ಲಿದೆ, ಮಂಡ್ಯದಲ್ಲೇ ಪಿಇಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿದೆ. ಇನ್ನೂ ಕೆಲವು ಕಡೆ ಉಂಟು. ಯಾವ ಕಾಲೇಜಿನಲ್ಲಿ ಏನು ಕಂಡೆ ಅಂತ ಹೆಸರು ಹಿಡಿದು ಹೇಳುವುದಿಲ್ಲ. ಬ್ಯಾಚಿನಿಂದ ಬ್ಯಾಚಿಗೆ ಬದಲಾಗುವ ವಿಷಯ ಅದು.

ಒಂದು ಕಡೆ ಅಡ್ಮಿಷನ್ ಕೌಂಟರಿನಲ್ಲಿ ಮಿರಿಮಿರಿ ಮಿಂಚುವ ಹಾಳೆ ಕೊಟ್ಟರು. ಅತಿ ಹೆಚ್ಚು ಪ್ಯಾಕೇಜ್ ಇಷ್ಟು, ಬಂದ ಕಂಪನಿಗಳು ಇಷ್ಟು. 'ಸರ್, ಇದ್ರಲ್ಲಿ ಎಂಸಿಎಯವರು ಎಷ್ಟು ಜನ?' ಅಂದೆ. 'ಎಲ್ಲಾ ಸೇರಿ ಮೇಡಂ' ಅಂದರು. ಬಿಇಯವರನ್ನು ಬಿಟ್ಟು ಹೇಳಿ ಅಂದರೆ ಫೋನ್ ನಂಬರ್ ಬರೆದು ಹೋಗಿ, ತಿಳಿಸುತ್ತೇವೆ ಅಂದರು. ತಿಳಿಸಲಿಲ್ಲ. ಕಾಲೇಜಿಗೆ ಬರುವ ಕಂಪನಿಗಳಲ್ಲಿ ಕೆಲವು ಬಿಇಯವರನ್ನು ಮಾತ್ರ ಕೂರಿಸುತ್ತವೆ. ಆದ್ದರಿಂದ ಎಂಸಿಎಯವರಿಗೆ ಯಾವ ಕಂಪನಿ ಬಾಗಿಲು ತೆರೆಯಿತು, ಎಷ್ಟು ಜನರಿಗೆ ಆಫರ್ ಲೆಟರ್ ಸಿಕ್ಕಿತು, ಅವರ ಸಂಬಳಗಳನ್ನು ಸಾಲಾಗಿಟ್ಟರೆ ನಡುವಿನದು ಎಷ್ಟು ಅನ್ನುವುದೇ ಕೇಳಬೇಕಾದ ಪ್ರಶ್ನೆ. ಅತಿ ಹೆಚ್ಚು ಪ್ಯಾಕೇಜ್ ಅನ್ನುವುದು ಒಬ್ಬರ ಸಂಬಳ. ಅದನ್ನು ತಿಳಿದು ನನಗೇನಾಗಬೇಕು?

ಇನ್ನೊಂದು ಕಡೆ ಕೊನೆ ವರ್ಷದ ಹುಡುಗ, ಪಾಪ, ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಪ್ರಾಜೆಕ್ಟ್ ರೆಡಿಮೇಡ್ ಸಿಗುತ್ತದಂತೆ. ದುಡ್ಡು ಕೊಟ್ಟರೆ ಕೋಡು, ರಿಪೋರ್ಟು, ಪಿಪಿಟಿ ಮೂರೂ ಕೈಗೆ. ವೈವಾಕ್ಕೆ ಏನು ಕೇಳುತ್ತಾರೆ ಅನ್ನುವುದನ್ನೂ ಅಂಗಡಿಯವರೇ ಹೇಳಿಕೊಡುತ್ತಾರಂತೆ. 'ನಮ್ ಬ್ಯಾಚಲ್ಲಿ ಸುಮಾರ್ ಜನ ಹಂಗೇ ಮಾಡಿದ್ರು ಅಕ್ಕ.' ಎಂಸಿಎಯಲ್ಲಿ ಕೊನೆಯ ಸೆಮಿಸ್ಟರ್ ಹೆಚ್ಚುಕಡಿಮೆ ಪೂರ್ತಿ ಪ್ರಾಜೆಕ್ಟಿಗೇ ಮೀಸಲು. ಅದೇ ಕೊಂಡು ತಂದದ್ದಾದರೆ ಎರಡು ವರ್ಷದಲ್ಲಿ ಕಾಲು ಭಾಗ ಖಾಲಿ.

ನಾನು ಕೊನೆಗೆ ಸೇರಿದ ಕಾಲೇಜಿನಲ್ಲಿ ಕಂಡದ್ದು ಬೇರೆ. ಲ್ಯಾಬಿನ ಹೊರಗೆ ಒಬ್ಬಳು ಸೀನಿಯರ್ ತನ್ನ ಪ್ರಾಜೆಕ್ಟಿನ ಎಸ್‌ಆರ್‌ಎಸ್ (ಸಾಫ್ಟ್‌ವೇರ್ ಏನೇನು ಮಾಡಬೇಕು ಅಂತ ಬರೆದ ದಾಖಲೆ) ಹಿಡಿದು ಕೂತಿದ್ದಳು. ಹಾಸ್ಟೆಲ್ ಮೆಸ್ಸಿನ ದಾಸ್ತಾನು ಲೆಕ್ಕದ ಸಾಫ್ಟ್‌ವೇರು. ಹಾಳೆ ತುಂಬ ಗೈಡ್ ಕೆಂಪು ಇಂಕಿನಲ್ಲಿ ಗೀಚಿದ್ದರು. ಒಂದು ಕಡೆ 'ಇದನ್ನು ಯಾರನ್ನು ಕೇಳಿ ಬರೆದೆ?' ಅಂತ. ಇನ್ನೊಂದು ಕಡೆ, ದಿನಸಿ ಬಂದ ತಕ್ಷಣ ಎಂಟ್ರಿ ಆಗುತ್ತದೆ ಅಂತ ಅವಳು ಬರೆದ ಸಾಲಿನ ಪಕ್ಕ, 'ಭಟ್ಟರು ಬೆಳಗ್ಗೆ ಐದಕ್ಕೆ ಕಂಪ್ಯೂಟರ್ ಆನ್ ಮಾಡುತ್ತಾರಾ? ಹೋಗಿ ನೋಡು.' ಅವಳಿಗೆ ಅಳು ಬರುವುದೊಂದು ಬಾಕಿ. 'ಮೆಸ್ಸಿಗೆ ಹೋಗಿ ಕೂತ್ಕೊಂಡ್ ನೋಡ್ಕೊಂಡ್ ಬಾ ಅಂತಾರೆ, ಇವ್ರಿಗೇನ್ ತಲೆ ಕೆಟ್ಟಿದ್ಯಾ' ಅಂತ ಗೊಣಗುತ್ತಿದ್ದಳು. ನನಗೆ ಮಾತ್ರ ಆ ಹಾಳೆಯ ಮುಂದೆ ಮಿಂಚುವ ಪ್ಲೇಸ್‌ಮೆಂಟ್ ಹಾಳೆ ಸಪ್ಪೆ ಅನಿಸಿತು. ಆ ಕಟ್ಟಡ ಹಳೆಯದು, ಕ್ಯಾಂಟೀನಿನ ಕಾಫಿ ಕುಡಿಯುವ ಹಾಗಿಲ್ಲ, ಅದನ್ನೂ ಹೇಳಿಬಿಡಬೇಕು.

ದುಡ್ಡಿನ ವಿಷಯ ಮನೆಯಲ್ಲಿ ಒಂದೇ ರಾತ್ರಿಯಲ್ಲಿ ತೀರ್ಮಾನವಾಯಿತು. ಸರ್ಕಾರಿ ಸೀಟು ಸಿಕ್ಕಿದರೆ ಮಾತ್ರ, ಮ್ಯಾನೇಜ್‌ಮೆಂಟ್ ಸೀಟು ಬೇಡ. ತೀರಾ ಬೇಕಾದರೆ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡ ಇಡದೆ ಸರ್ಕಾರದ ಗ್ಯಾರಂಟಿ ಯೋಜನೆ ಇದೆ ಅಂತ ಬ್ಯಾಂಕಿನಲ್ಲಿ ವಿಚಾರಿಸಿಕೊಂಡು ಬಂದಿದ್ದೆ. ಹಾಸ್ಟೆಲ್ ಖರ್ಚು ಉಳಿಸಿದ್ದು ಶಕ್ತಿ ಯೋಜನೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ. ಊರಿಂದ ಮೈಸೂರಿಗೆ ದಿನಾ ಓಡಾಡುವುದು ಹೈರಾಣು ನಿಜ, ಆದರೆ ಆಗದ ಮಾತಲ್ಲ. ಅವ್ವ ಮಾತ್ರ 'ಕಾಲೇಜ್ಗೆ ವೋಗೋದೋ ಬಸ್ನಲ್ಲೇ ಇರೋದೋ' ಅಂದರು.

ಕೆಲಸ ಬಿಡದೆ ಓದುವ ಇನ್ನೊಂದು ದಾರಿಯನ್ನೂ ನೋಡಿದ್ದೆ. ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ, ಇಗ್ನೋ ಎಂಸಿಎ ಕೂಡ ಉಂಟು. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಆದರೆ ಮಾನ್ಯತೆ ಯಾವ ವರ್ಷಕ್ಕೆ, ಯಾವ ಕೋರ್ಸಿಗೆ ಅನ್ನುವುದನ್ನು ಯುಜಿಸಿ ಪಟ್ಟಿಯಲ್ಲೇ ನೋಡಿಕೊಳ್ಳಬೇಕು. ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಬಂತು. ನನಗೆ ಬೇಕಾಗಿದ್ದದ್ದು ಕೆಂಪು ಇಂಕಿನಲ್ಲಿ ಗೀಚುವವರು, ಹಾಗಾಗಿ ಆ ಕಡೆ ಹೋಗಲಿಲ್ಲ.

ಪಿಜಿಸಿಇಟಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೂರು ಪ್ರಶ್ನೆ, ನೂರು ಅಂಕ, ಎರಡು ಗಂಟೆ. ಬಿಸಿಎ ಮಾಡಿದವರಿಗೆ ಕಂಪ್ಯೂಟರ್ ಭಾಗ ಕಷ್ಟವಲ್ಲ, ರೀಸನಿಂಗ್ ಅಭ್ಯಾಸ ಬೇಕು. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದೆ, ಕೋಚಿಂಗಿಗೆ ಹೋಗಲಿಲ್ಲ. ರ‍್ಯಾಂಕು ಅಷ್ಟೇನೂ ಬೀಗುವಂಥದ್ದಲ್ಲ, ತಲೆ ತಗ್ಗಿಸುವಂಥದ್ದೂ ಅಲ್ಲ.

ಪರೀಕ್ಷೆಗಿಂತ ಕಾಗದಪತ್ರವೇ ಹೆಚ್ಚು ಕಾಡಿತು. ಮೀಸಲಾತಿ ಕೇಳುವವರು ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಡಬೇಕು, ಅದನ್ನು ಹಾಕಿದರೆ ಕಂದಾಯ ಇಲಾಖೆಯ ದಾಖಲೆಯಿಂದ ವಿವರ ಬರುತ್ತದೆ. ನಮ್ಮದು 3ಎ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದೇ ಇನಿಷಿಯಲ್ಲು, ಪ್ರಮಾಣಪತ್ರದಲ್ಲಿ ಎರಡು. ಅಜ್ಜಿಯ ಪಾಸ್‌ಬುಕ್ ಹಿಡಿದು ಓಡಾಡಿದವಳಿಗೆ ಇದೇನು ಹೊಸದಲ್ಲ ಬಿಡಿ. ನಾಡಕಚೇರಿಗೆ ಹೋಗಿ, ಅಂಕಪಟ್ಟಿಯಲ್ಲಿರುವ ಹಾಗೇ ಒಂದಕ್ಷರವೂ ಆಚೀಚೆ ಇಲ್ಲದಂತೆ ಹೊಸದಾಗಿ ಮಾಡಿಸಿದೆ. ಅರ್ಜಿ ಶುರುವಾಗುವ ಮುಂಚೆಯೇ ಇದನ್ನು ಮುಗಿಸಿಕೊಂಡವರು ನೆಮ್ಮದಿಯಾಗಿರುತ್ತಾರೆ. ನಾಡಕಚೇರಿಯಲ್ಲಿ ಸರ್ವರ್ ಇರುವ ದಿನ ಗುಮಾಸ್ತರು ಇರುವುದಿಲ್ಲ, ಅವರಿರುವ ದಿನ ಸರ್ವರ್ ಇರುವುದಿಲ್ಲ.

ಆಪ್ಷನ್ ಎಂಟ್ರಿ ದಿನ ಅಪ್ಪನೂ ಸೈಬರ್ ಸೆಂಟರಿಗೆ ಬಂದರು. ಕಾಲೇಜುಗಳ ಪಟ್ಟಿ ಮುಂದೆ ಒಂದು, ಎರಡು, ಮೂರು ಅಂತ ನಂಬರ್ ಹಾಕುವ ಕೆಲಸ. ಪಕ್ಕದ ಕುರ್ಚಿಯವರು 'ದೊಡ್ಡ ಕಾಲೇಜ್ ಮೇಲೆ ಹಾಕ್ಬೇಡಿ, ಅದೂ ಸಿಗಲ್ಲ, ಕೆಳಗಿಂದೂ ಹೋಗ್ಬಿಡುತ್ತೆ' ಅಂತ ಅಪ್ಪನನ್ನು ಹೆದರಿಸಿದರು. ಹಾಗೇನೂ ಇಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಒಂದನೇ ಆಪ್ಷನ್ ಖಾಲಿ ಇದೆಯಾ ನೋಡುತ್ತದೆ, ಇಲ್ಲದಿದ್ದರೆ ಎರಡನೆಯದು, ಹಾಗೇ ಕೆಳಕ್ಕೆ. ಮೇಲೆ ಸಿಗದ್ದನ್ನು ಹಾಕಿದರೆ ಕೆಳಗಿನದಕ್ಕೆ ಧಕ್ಕೆ ಇಲ್ಲ. ಮನಸ್ಸಿನಲ್ಲಿ ಇರುವ ಕ್ರಮದಲ್ಲೇ ಹಾಕುವುದು ಸರಿ. ಅಪ್ಪನಿಗೆ ಬಸ್ ಸೀಟಿನ ಲೆಕ್ಕದಲ್ಲಿ ಹೇಳಿದೆ, 'ಕಿಟಕಿ ಸೀಟ್ ಐತಾ ನೋಡ್ತೀಯಾ, ಇಲ್ಲಾಂದ್ರೆ ಪಕ್ಕದ್ದು. ಕಿಟಕಿ ಕೇಳ್ದೆ ಅಂತ ಕಂಡಕ್ಟ್ರು ಕೆಳಗಿಳಿಸ್ತಾರಾ?' ಒಪ್ಪಿದರು. ಕೆಂಪು ಇಂಕಿನ ಕಾಲೇಜು ಒಂದು, ಆಮೇಲೆ ಮೈಸೂರಿನ ಇನ್ನೆರಡು, ಆಮೇಲೆ ಮಂಡ್ಯ.

ಅಣಕು ಹಂಚಿಕೆಯಲ್ಲಿ ಮಂಡ್ಯ ಬಂತು, ಮೊದಲ ಸುತ್ತಿನಲ್ಲೂ ಅದೇ. ಅಲ್ಲಿ ನಿಜವಾದ ಪರೀಕ್ಷೆ. ಚಾಯ್ಸ್ ಒಂದು ಅಂದರೆ ಈ ಸೀಟು ಒಪ್ಪಿ ಸೇರುವುದು, ಅಲ್ಲಿಗೆ ಮುಗಿಯಿತು. ಎರಡು ಅಂದರೆ ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೂ ಹೋಗುವುದು. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡೋಣ. ನಾಲ್ಕು ಅಂದರೆ ಇಡೀ ವ್ಯವಹಾರದಿಂದಲೇ ಹೊರಕ್ಕೆ. ಅವ್ವನಿಗೆ ಮಂಡ್ಯವೇ ಆಗಲಿ ಅಂತ, ಮನೆಗೆ ಹತ್ತಿರ. ನಾನು ಎರಡು ಅಂದೆ. ಇದರಲ್ಲಿ ಒಂದು ಕಟ್ಟುಪಾಡು ಇದೆ: ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕಿತೋ, ಹಳೇ ಸೀಟು ತಾನಾಗೇ ಹೋಗುತ್ತದೆ, ಬೇಡ ನನಗೆ ಹಳೆಯದೇ ಇರಲಿ ಅನ್ನುವ ಹಾಗಿಲ್ಲ. ಹಾಗಾಗಿ ಸಿಕ್ಕರೆ ಖಂಡಿತ ಹೋಗುತ್ತೇನೆ ಅನ್ನುವ ಕಾಲೇಜುಗಳು ಮಾತ್ರ ಆ ಮೇಲಿನ ಸಾಲಿನಲ್ಲಿ ಇರಬೇಕು. ನನ್ನ ಪಟ್ಟಿಯಲ್ಲಿ ಮಂಡ್ಯದ ಮೇಲಿದ್ದ ಒಂದು ಕಾಲೇಜನ್ನು ಬರೀ ಹೆಸರಿಗೆ ಹಾಕಿದ್ದೆ ಅಂತ ಆಗ ಅನಿಸಿ ಅದನ್ನು ತೆಗೆದೆ. ಎರಡನೇ ಸುತ್ತಿನಲ್ಲಿ ಒಂದನೇ ಆಪ್ಷನ್ನೇ ಬಂತು.

ಸೇರಿದ ಮೊದಲ ಸೆಮಿಸ್ಟರಿನಲ್ಲಿ ಬಿಕಾಂ ಮಾಡಿ ಬಂದವರು ಬ್ರಿಡ್ಜ್ ಕೋರ್ಸಿನಲ್ಲಿ ಸಿ ಪ್ರೋಗ್ರಾಮಿಂಗ್ ಕಲಿಯುತ್ತ ಒದ್ದಾಡಿದರು. ನಾವು ಬಿಸಿಎಯವರು ಗೊತ್ತಿದ್ದದ್ದನ್ನೇ ಮತ್ತೆ ಕೇಳುತ್ತ ಕೂತೆವು. ಆದರೆ ಸಾಫ್ಟ್‌ವೇರ್ ಇಂಜಿನಿಯರಿಂಗ್ ಬಂದಾಗ ಅಕೌಂಟ್ಸ್ ಗೊತ್ತಿದ್ದ ಬಿಕಾಂ ಹುಡುಗಿಯೇ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆದಳು. ಲೆಡ್ಜರ್ ಹೇಗೆ ನಡೆಯುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು, ನಮಗೆ ಟೇಬಲ್ ಮಾಡುವುದಷ್ಟೇ ಗೊತ್ತಿತ್ತು.

ಈಗ ಎಲೆಕ್ಟಿವ್ ಆರಿಸುವ ಹೊತ್ತು. ಕ್ಲೌಡ್ ಕಡೆ ಕ್ಲಾಸಿನ ಮುಕ್ಕಾಲು ಪಾಲು ಜನ. ಡೇಟಾ ವೇರ್‌ಹೌಸಿಂಗಿಗೆ ಸಾಕಷ್ಟು ಹೆಸರು ಬಂದರೆ ನಡೆಸುತ್ತೇವೆ ಅಂದಿದ್ದಾರೆ, ಬಿಕಾಂ ಹುಡುಗಿಯೂ ನಾನೂ ಸೇರಿ ಹೆಸರು ಬರೆಸಿಕೊಳ್ಳುತ್ತ ತಿರುಗುತ್ತಿದ್ದೇವೆ. ಮನೆಯಲ್ಲಿ ಇದನ್ನು ಹೇಳಿದರೆ ಅಪ್ಪ ತಟ್ಟೆಯಿಂದ ತಲೆ ಎತ್ತಿ, 'ಇದ್ಕೂ ಆಪ್ಷನ್ ಎಂಟ್ರಿ ಐತೇನವ್ವ?' ಅಂದರು. ಇಲ್ಲಪ್ಪ, ಕೈ ಎತ್ತಿದರೆ ಸಾಕು ಅಂದೆ.